ಉಣ್ಣುವವರೂ ಬೇಸಾಯವನ್ನು ಅರಿಯಬೇಕು



ಬೇಸಾಯದ ತಿಳುವಳಿಕೆ ಬೇಸಾಯಗಾರನಿಗಿದ್ದರೆ ಸಾಕು, ಉಳಿದವರಿಗೆ ಅದೇಕೆ ಎಂದು ಕೇಳುವವರುಂಟು. ಆದರೆ ಹೊಲದಲ್ಲಿ ಏನು ಬಿತ್ತಬೇಕೆಂಬುದನ್ನು ನಾವಷ್ಟೇ ಗೊತ್ತುಮಾಡುವುದಿಲ್ಲ. ಕೊಂಡು ಉಣ್ಣುವವರೂ ಗೊತ್ತುಮಾಡುತ್ತಾರೆ. ಇದಕ್ಕೆ ನಮ್ಮ ರಾಗಿಯೇ ಸಾಕ್ಷಿ.

1. ಆಹಾರದ ಗುಣ: ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮೀರಿ ಸುಣ್ಣದ ಅಂಶವಿದೆ. ಅಷ್ಟೇ ತೂಕದ ಪಾಲಿಶ್ ಅಕ್ಕಿಯಲ್ಲಿ ಅದು ಸುಮಾರು 10 ಮಿಲಿಗ್ರಾಂ ಮಾತ್ರ. ಮೂಳೆ, ಹಲ್ಲು ಗಟ್ಟಿಯಾಗಲು ಈ ಅಂಶ ಬೇಕು. ಇದನ್ನರಿಯದ ಅನೇಕರು ರಾಗಿಯನ್ನು ಬಡವರ ಊಟವೆಂದು ಕಡೆಗಣಿಸಿದರು. ಕೊಳ್ಳುವವರು ಕಡಿಮೆಯಾದ ಬೆಳೆ ಹೊಲದಿಂದಲೂ ಜಾರುತ್ತದೆ. ತಕ್ಕ ಬೆಲೆಯಿಲ್ಲದೆ, ಆಳುಗಳೂ ಸಿಕ್ಕದೆ, 1980ರ ದಶಕದಲ್ಲಿ ಕೋಲಾರ ಜಿಲ್ಲೆಯ ಎಷ್ಟೋ ರಾಗಿ ಹೊಲಗಳಲ್ಲಿ ನೀಲಗಿರಿ ಎದ್ದಿತು.

2. ಬೆಲೆಯ ಲೆಕ್ಕ: ರಾಗಿ ಸುಮಾರು ನಾಲ್ಕು ತಿಂಗಳ ದುಡಿಮೆ. ಕೂರಿಗೆ ಹೂಡಬೇಕು, ಕುಂಟೆ ಹೊಡೆಯಬೇಕು, ಕಳೆ ಕೀಳಬೇಕು, ಕೊಯ್ದು ಕಣ ಮಾಡಬೇಕು. ತೆನೆ ಬರುವಾಗ ಮಳೆ ಹೋದರೆ ಕಾಳು ಜೊಳ್ಳು. ಕೊಯ್ಲಿನಲ್ಲಿ ಮಳೆ ಹಿಡಿದರೆ ತೆನೆಯೇ ಹಾಳು. ಇದನ್ನು ಬಲ್ಲ ಗ್ರಾಹಕನು ರೈತನ ಬೆಲೆಯನ್ನು ದುಬಾರಿಯೆಂದು ಜರೆಯುವುದಿಲ್ಲ.

3. ಸಂಶೋಧನೆ: ಮಂಡ್ಯದ ವಿ. ಸಿ. ಫಾರಂನಲ್ಲಿ ‘ರಾಗಿ’ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಕೂಡಿಸಿ ‘ಇಂಡಾಫ್’ ತಳಿಗಳನ್ನು ಹೊರತಂದರು. ಇಂಥ ಕೆಲಸ ನಡೆಯುವುದು ಜನರ ತೆರಿಗೆಯ ಹಣದಿಂದ. ಅದರ ಪ್ರಯೋಜನವನ್ನು ಜನ ಅರಿತರೆ ಮಾತ್ರ ಅದು ಮುಂದುವರಿದೀತು.

4. ಬರಗಾಲ: 1965ರಲ್ಲಿ ಮಳೆ ಕೈಕೊಟ್ಟಿತು. ಆ ವರ್ಷ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ವಾರಕ್ಕೆ ಒಂದು ಹೊತ್ತಿನ ಊಟ ಬಿಡಿರೆಂದು ಜನರನ್ನು ಕೇಳಿಕೊಂಡರು. ಅಮೆರಿಕದ ಗೋಧಿ ಹಡಗುಗಳಲ್ಲಿ ಬರಬೇಕಾಯಿತು. ಹಸಿವು ಕಲಿಸುವ ಈ ಪಾಠವನ್ನು ಹೊಟ್ಟೆ ತುಂಬಿರುವಾಗಲೇ ಕಲಿಯುವುದು ಲೇಸು.

ನಾವು ಮಾಡಬಹುದಾದ ಕೆಲಸಗಳು:

(ಅ) ಬಿತ್ತನೆಗೊಮ್ಮೆ, ಕೊಯ್ಲಿಗೊಮ್ಮೆ ಶಾಲೆಯ ಮಕ್ಕಳನ್ನು ಹೊಲಕ್ಕೆ ಕರೆಯಿರಿ.
(ಆ) ಎಕರೆಯ ಖರ್ಚು, ಇಳುವರಿಗಳನ್ನು ಬರೆದಿಡಿ. ಕೇಳಿದವರಿಗೆ ಲೆಕ್ಕ ತೋರಿಸಿ.
(ಇ) ಸಂತೆಯಲ್ಲಿ ಮಾರುವಾಗ ತಳಿಯ ಹೆಸರು, ಅಡುಗೆಯ ಬಗೆ ಹೇಳಿ.
(ಈ) ಬೆಂಗಳೂರಿನ ಕೃಷಿ ಮೇಳಕ್ಕೆ ಹೋಗುವಾಗ ಪಟ್ಟಣದ ನೆಂಟರನ್ನೂ ಜೊತೆಗೆ ಕರೆದೊಯ್ಯಿರಿ.

ನೆನಪಿಡಿ: ಬೆಳೆಯುವುದು ಅರ್ಧ ಕೆಲಸ, ಬೆಳೆದ ಬಗೆಯನ್ನು ಉಣ್ಣುವವರಿಗೆ ತಿಳಿಸುವುದು ಉಳಿದರ್ಧ.