ಇಂದಿನ ಧಮ್ಮ ಚಿಂತನೆ: ಸಮ್ಮಾ ವಾಚಾ



ಜಾತಿಯ ಹೆಸರೇ ಬೈಗುಳವಾಗುವುದು ಹೇಗೆಂದು ನಮಗೆ ಯಾರೂ ಕಲಿಸಬೇಕಿಲ್ಲ. ಡೌನ್ ಸಿಂಡ್ರೋಮ್ ಇರುವವರಿಗೂ ಹಾಗೇ ಆಯಿತು. 1866ರಲ್ಲಿ ಇಂಗ್ಲೆಂಡಿನ ವೈದ್ಯ ಜಾನ್ ಲ್ಯಾಂಗ್‌ಡನ್ ಡೌನ್ ಅವರ ಮುಖಲಕ್ಷಣ ನೋಡಿ ಒಂದು ಜನಾಂಗದ ಹೆಸರನ್ನೇ ಅಂಟಿಸಿದರು: ಮಂಗೋಲಿಯನ್. ಒಂದೇ ಪದದಲ್ಲಿ ಇಬ್ಬರಿಗೆ ಅವಮಾನ! ನಿಜವಾದ ಕಾರಣ ತಿಳಿದದ್ದು 1959ರಲ್ಲಿ: 21ನೇ ಕ್ರೋಮೋಸೋಮ್ ಎರಡರ ಬದಲು ಮೂರು ಇರುತ್ತದೆ. 1965ರಲ್ಲಿ ಮಂಗೋಲಿಯಾ ದೇಶವೇ ಕೇಳಿಕೊಂಡ ಮೇಲೆ ವಿಶ್ವ ಆರೋಗ್ಯ ಸಂಸ್ಥೆ ಆ ಪದವನ್ನು ಕೈಬಿಟ್ಟಿತು.

ನಮ್ಮ ಕಡೆ ಇನ್ನೊಂದು ಮಾತಿದೆ, 'ಹಿಂದಿನ ಜನ್ಮದ ಕರ್ಮ' ಅಂತ. ನನಗೆ ಇದು 'ಪೆದ್ದು' ಅನ್ನುವುದಕ್ಕಿಂತ ಕ್ರೂರ ಅನ್ನಿಸುತ್ತದೆ. ಮಗುವಿನ ಜೊತೆ ಹೆತ್ತವಳನ್ನೂ ಅಪರಾಧಿ ಮಾಡುತ್ತದೆ. ನಮ್ಮ ಹಿರಿಯರನ್ನು ಊರಾಚೆ ಇಟ್ಟದ್ದೂ ಇದೇ ವಾದ. ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಅದನ್ನು ತಳ್ಳಿಹಾಕಿದ್ದಾರೆ.

'ದೇವರ ಮಗು' ಅನ್ನುವವರೂ ಇದ್ದಾರೆ, ಪ್ರೀತಿಯಿಂದಲೇ ಇರಬಹುದು. 'ಹರಿಜನ' ಅಂದದ್ದೂ ಹಾಗೇ ಅಲ್ಲವೇ?

ಹೇಳಲೇಬೇಕಾದಾಗ 'ಡೌನ್ ಸಿಂಡ್ರೋಮ್ ಇರುವವರು' ಎನ್ನೋಣ. ಮಿಕ್ಕ ಹೊತ್ತು ಅವರವರ ಹೆಸರು ಹಿಡಿದು, ವಯಸ್ಸಿಗೆ ತಕ್ಕ ಮರ್ಯಾದೆ ಕೊಟ್ಟು ಕರೆಯೋಣ. 30 ವರ್ಷದವರನ್ನು 'ಪಾಪು' ಅನ್ನುವುದು ಬೇಡ.