ಸಂಗೀತ ಅವರಿಗೆ, ಸದ್ದು ಇವರಿಗೆ: 9ನೇ ತರಗತಿಯ ‘ಶಬ್ದ’ ಘಟಕಕ್ಕೊಂದು ವಿಸ್ತರಣಾ ಪಾಠ

ಬೋಧನಾ ಅಭ್ಯಾಸಕ್ಕೆ ನನಗೆ ಸಿಕ್ಕಿದ್ದು ಬೆಂಗಳೂರಿನ ಪೂರ್ವ ಭಾಗದ ಒಂದು ಪ್ರೌಢಶಾಲೆ. ಇಂದಿರಾನಗರದಂತಹ ಬಡಾವಣೆಗಳಲ್ಲಿ ಮುಖ್ಯರಸ್ತೆಯ ಮೇಲೆ ರೂಫ್‌ಟಾಪ್ ರೆಸ್ಟೋರೆಂಟುಗಳು, ಅವುಗಳ ಬೆನ್ನಿಗೇ ವಾಸದ ಮನೆಗಳು. ಸಂಗೀತದ ಅಬ್ಬರದ ಬಗ್ಗೆ ನಿವಾಸಿಗಳು ವರ್ಷಗಳಿಂದ ದೂರುತ್ತಿದ್ದಾರೆ. ಆವರ್ತ, ತರಂಗದೂರ, ತೀವ್ರತೆಗಳನ್ನು ಕಲಿತ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲವೆಂದು ಎರಡು ಅವಧಿಗಳ ಪಾಠ ಯೋಜಿಸಿದೆ.

ವಿಷಯ ಸೂಕ್ಷ್ಮವಾಗಿತ್ತು. ತರಗತಿಯ ಒಬ್ಬ ಹುಡುಗನ ತಂದೆ ಅಂಥದೊಂದು ರೆಸ್ಟೋರೆಂಟಿನಲ್ಲಿ ಸಪ್ಲೈಯರ್. ಒಬ್ಬ ಹುಡುಗಿಯ ಮನೆ ಇರುವುದು ಇನ್ನೊಂದರ ಹಿಂದಿನ ಗಲ್ಲಿಯಲ್ಲಿ. ಅವಳ ಅಕ್ಕ ಎಸ್‌ಎಸ್‌ಎಲ್‌ಸಿ. ಆದ್ದರಿಂದ ‘ಯಾರದು ತಪ್ಪು?’ ಎಂಬ ಪ್ರಶ್ನೆಯಿಂದ ಪಾಠ ಆರಂಭಿಸಲಿಲ್ಲ. ‘ಸದ್ದನ್ನು ಎಲ್ಲಿ ನಿಂತು ಅಳೆಯಬೇಕು?’ ಎಂದು ಕೇಳಿದೆ.

ಪರಿಶೋಧನೆ: ದೂರ

ಮೈದಾನದಲ್ಲಿ ಸಣ್ಣ ಬ್ಲೂಟೂತ್ ಸ್ಪೀಕರಿನಿಂದ ಒಂದೇ ಸ್ವರ ನುಡಿಸಿ, ಮೊಬೈಲ್ ಆ್ಯಪ್‌ನಲ್ಲಿ 1, 2, 4, 8 ಮೀಟರಿನ ಅಳತೆ ಬರೆದುಕೊಂಡೆವು. ಮೊಬೈಲ್ ಪ್ರಮಾಣೀಕರಿಸಿದ ಮಾಪಕವಲ್ಲ. ಹಾಗಾಗಿ ಅಂಕಿಯನ್ನಲ್ಲ, ಅಂಕಿಗಳ ನಡುವಿನ ವ್ಯತ್ಯಾಸವನ್ನು ಮಾತ್ರ ನೋಡಲು ಹೇಳಿದೆ. ಮೊದಲೆರಡು ಹೆಜ್ಜೆಗಳಲ್ಲಿ ಸುಮಾರು ಆರಾರು ಡೆಸಿಬೆಲ್ ಇಳಿಯಿತು. 8 ಮೀಟರಿಗೆ ಬರುವಾಗ ರಸ್ತೆಯ ಸದ್ದೇ ಮುಂದಾಯಿತು. ಹಿನ್ನೆಲೆ ಸದ್ದು ಎಂದರೇನು ಎಂಬುದೂ ಹೀಗೆ ತಿಳಿಯಿತು.

ಲಾಗರಿದಮ್ ಈ ತರಗತಿಗೆ ಬಂದಿಲ್ಲ. ಹಲಗೆಯ ಮೇಲೆ ಮೂರೇ ಸೂತ್ರ ಬರೆದೆ: 10 ಡೆಸಿಬೆಲ್ ಏರಿದರೆ ತೀವ್ರತೆ 10 ಪಟ್ಟು, 3 ಏರಿದರೆ ಸುಮಾರು ಎರಡು ಪಟ್ಟು, ತೆರೆದ ಬಯಲಿನಲ್ಲಿ ದೂರ ಎರಡು ಪಟ್ಟಾದರೆ 6 ಡೆಸಿಬೆಲ್ ಇಳಿಕೆ.

ಪರಿಶೋಧನೆ: ತಡೆ

ಮುಚ್ಚಿದ ಬಾಗಿಲಿನ ಹೊರಗೆ ಒಬ್ಬರು ಕೈಗಂಟೆ ಬಾರಿಸಿದರು, ಇನ್ನೊಬ್ಬರು ಬ್ಯಾಂಡ್‌ಸೆಟ್ಟಿನ ದೊಡ್ಡ ಡ್ರಮ್ ಬಡಿದರು. ಗಂಟೆಯ ಸದ್ದು ಮಂಕಾಯಿತು, ಡ್ರಮ್ಮಿನ ‘ಧಡ್ ಧಡ್’ ಒಳಗೆ ಬಂದೇ ಬಂತು. ಕಾರಣವನ್ನು ಲೆಕ್ಕದಿಂದ ಹುಡುಕಿದೆವು. ವೇಗ ಸೆಕೆಂಡಿಗೆ 343 ಮೀಟರ್ ಎಂದಿಟ್ಟುಕೊಂಡರೆ 50 ಹರ್ಟ್ಜ್‌ನ ತರಂಗದೂರ ಸುಮಾರು 7 ಮೀಟರ್, 5000 ಹರ್ಟ್ಜ್‌ನದು ಸುಮಾರು 7 ಸೆಂಟಿಮೀಟರ್. ಉದ್ದ ತರಂಗ ಗೋಡೆಯಂಚನ್ನು ಸುಲಭವಾಗಿ ಬಳಸಿ ಬರುತ್ತದೆ. ಹಗುರವಾದ ಬಾಗಿಲು, ಗಾಜು ಅದನ್ನು ಹೆಚ್ಚು ತಡೆಯುವುದಿಲ್ಲ. ಹಿಂದಿನ ಮನೆಯವರಿಗೆ ಹಾಡು ಕೇಳಿಸದೆ ಬರೀ ಬಡಿತ ಕೇಳಿಸುವುದು ಇದಕ್ಕೇ.

ಇನ್ನೊಂದು ಅಂಶವೂ ಇದೆ. ನಿಯಮಗಳಲ್ಲಿರುವ ‘ಡಿಬಿ(ಎ)’ ಅಳತೆ ಮನುಷ್ಯನ ಕಿವಿಯನ್ನು ಅನುಸರಿಸಿ ಕೆಳ ಆವರ್ತಗಳನ್ನು ತಗ್ಗಿಸಿ ಎಣಿಸುತ್ತದೆ. 63 ಹರ್ಟ್ಜ್‌ಗೆ ಸುಮಾರು 26 ಡೆಸಿಬೆಲ್ ಕಡಿತ. ಮಾಪಕ ‘ಸರಿ’ ಎಂದಾಗಲೂ ಮಲಗಿದವರಿಗೆ ಬಡಿತ ಕಾಡಬಹುದು. ಮಾಲೀಕರೂ ಸುಳ್ಳು ಹೇಳುತ್ತಿಲ್ಲ, ದೂರು ಕೊಟ್ಟವರೂ ಸುಳ್ಳು ಹೇಳುತ್ತಿಲ್ಲ ಎಂಬುದು ಮಕ್ಕಳಿಗೆ ಹೊಳೆದದ್ದು ಇಲ್ಲಿ.

ವಿವರಣೆ: ನಿಯಮ

ಶಬ್ದ ಮಾಲಿನ್ಯ (ನಿಯಂತ್ರಣ) ನಿಯಮಗಳು, 2000ರ ಪ್ರಕಾರ ವಾಸದ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡಿಬಿ(ಎ). ವಾಣಿಜ್ಯ ಪ್ರದೇಶದಲ್ಲಿ 65 ಮತ್ತು 55. ರಾತ್ರಿ ಎಂದರೆ 10ರಿಂದ ಬೆಳಿಗ್ಗೆ 6. ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು; ರಾತ್ರಿ ತೆರೆದ ಜಾಗದಲ್ಲಿ ಸಾಮಾನ್ಯವಾಗಿ ಬಳಸುವಂತಿಲ್ಲ. ಬೇಡದ ಸದ್ದಿಲ್ಲದೆ ಬದುಕುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2005ರ ತೀರ್ಪಿನಲ್ಲಿ ಹೇಳಿದೆ. ‘ಮುಂದಿನ ರಸ್ತೆ ಅಂಗಡಿಗಳದು, ಹಿಂದಿನ ಗಲ್ಲಿ ಮನೆಗಳದು. ಯಾವ ಅಂಕಿ ಹಿಡಿಯೋದು ಮಿಸ್?’ ಎಂದು ಒಬ್ಬಳು ಕೇಳಿದಳು. ಈ ಪ್ರಶ್ನೆಯನ್ನು ಚರ್ಚೆಗೇ ಬಿಟ್ಟೆ.

ವಿಸ್ತರಣೆ: ಪಾತ್ರಾಭಿನಯ

ಮಾಲೀಕ, ಸಪ್ಲೈಯರ್, ಗ್ರಾಹಕ, ನೆರೆಯವರು, ಪೊಲೀಸ್ ಎಂದು ಗುಂಪುಗಳನ್ನು ಮಾಡಿದೆ. ಸಪ್ಲೈಯರ್ ಮಗನಿಗೆ ನೆರೆಯವರ ಪಾತ್ರ, ಗಲ್ಲಿಯ ಹುಡುಗಿಗೆ ಮಾಲೀಕರ ಪಾತ್ರ. ಅದಕ್ಕೆ ಮೊದಲೇ ಹುಡುಗ ಕೇಳಿದ: ‘ಹಾಡು ನಿಲ್ಲಿಸಿದ್ರೆ ಗಿರಾಕಿ ಬರಲ್ಲ. ಆಗ ಅಪ್ಪನ ಕೆಲಸ?’ ಉತ್ತರ ಹೇಳದೆ ಎಲ್ಲ ಗುಂಪುಗಳಿಗೂ ಒಂದು ಲೆಕ್ಕ ಕೊಟ್ಟೆ.

ಒಂದೇ ದೊಡ್ಡ ಸ್ಪೀಕರಿನಿಂದ 8 ಮೀಟರ್ ದೂರದ ಮೇಜಿಗೆ 70 ಡೆಸಿಬೆಲ್ ತಲುಪಬೇಕಾದರೆ ಅದರಿಂದ 1 ಮೀಟರಿನಲ್ಲಿ 88 ಇರಬೇಕು. ಆಗ 16 ಮೀಟರಿನ ಮನೆಗೆ 64 ಮುಟ್ಟುತ್ತದೆ. ಬದಲಿಗೆ ಎಂಟು ಮೇಜುಗಳ ಪಕ್ಕದಲ್ಲಿ, 1 ಮೀಟರಿಗೆ 70 ಕೊಡುವ ಎಂಟು ಸಣ್ಣ ಸ್ಪೀಕರುಗಳಿದ್ದರೆ? ಮನೆ ಎಲ್ಲದರಿಂದಲೂ ಸುಮಾರು 16 ಮೀಟರ್ ಎಂದುಕೊಂಡರೆ ಒಂದೊಂದರಿಂದ 46. ಎಂಟೂ ಸೇರಿ ತೀವ್ರತೆ 8 ಪಟ್ಟು, ಅಂದರೆ 9 ಏರಿಕೆ, ಒಟ್ಟು 55. ಗ್ರಾಹಕನಿಗೆ ಅದೇ ಹಾಡು, ಮನೆಗೆ 9 ಡೆಸಿಬೆಲ್ ಕಡಿಮೆ.

ಮಕ್ಕಳು ಬರೆದ ಒಪ್ಪಂದದಲ್ಲಿ ನಾಲ್ಕು ಅಂಶಗಳಿದ್ದವು: ಸ್ಪೀಕರು ಮೇಜಿನ ಹತ್ತಿರ, ಮನೆಗಳಿಗೆ ಬೆನ್ನಾಗಿ, ಬಾಸ್ ಕಡಿಮೆ, ಅಳತೆ ಮನೆಯ ಕಿಟಕಿಯ ಬಳಿ, ಇಬ್ಬರ ಎದುರಿಗೆ, 10 ಗಂಟೆಗೆ ಹೊರಗಿನ ಸಂಗೀತ ಬಂದ್, ಊಟ ಬಡಿಸುವುದು ಮುಂದುವರಿಕೆ. ಕೊನೆಯದನ್ನು ಸೂಚಿಸಿದವನು ಆ ಹುಡುಗನೇ. 55 ಬಂದರೂ ರಾತ್ರಿಯ 45ಕ್ಕೆ ಅದು ಹೆಚ್ಚು ಎಂದು ಲೆಕ್ಕ ತೋರಿಸಿದ್ದವನೂ ಅವನೇ.

ಮೌಲ್ಯಮಾಪನ

1. 1 ಮೀಟರಿನಲ್ಲಿ 85 ಡೆಸಿಬೆಲ್ ಇದ್ದರೆ, ಬಯಲಿನಲ್ಲಿ ಎಷ್ಟು ದೂರಕ್ಕೆ 55 ಆಗುತ್ತದೆ? (32 ಮೀಟರ್)
2. 30×40 ಅಡಿ ಸೈಟುಗಳ ಬಡಾವಣೆಯಲ್ಲಿ ಅಷ್ಟು ಅಂತರ ಸಿಗುತ್ತದೆಯೇ? ಚರ್ಚಿಸಿ.
3. ಗೋಡೆ ಎತ್ತರಿಸಿದರೂ ಬಡಿತ ಪೂರ್ತಿ ನಿಲ್ಲದೇಕೆ?

ಇದನ್ನು ಬೋಧಿಸುವ ಸಹ ಪ್ರಶಿಕ್ಷಣಾರ್ಥಿಗಳಿಗೆ ಎರಡು ಸಲಹೆಗಳು. ನಿಜವಾದ ರೆಸ್ಟೋರೆಂಟಿನ ಹೆಸರು ತರಗತಿಯಲ್ಲಿ ಬರದಿರಲಿ. ಮಕ್ಕಳು ಅಲ್ಲಿಯವರೇ ಆಗಿರಬಹುದು. ಅಳತೆಯನ್ನು ಮೊದಲು ಮಾಡಿಸಿ, ಅಭಿಪ್ರಾಯವನ್ನು ಆಮೇಲೆ ಕೇಳಿ. ಸ್ಪೀಕರು ಎಲ್ಲಿರಬೇಕೆಂದು ಭೌತಶಾಸ್ತ್ರ ಹೇಳುತ್ತದೆ, ಎಷ್ಟು ಹೊತ್ತಿಗೆ ನಿಲ್ಲಬೇಕೆಂದು ಹೇಳುವುದಿಲ್ಲ. ಅದನ್ನು ನಿಯಮ ಓದಿ, ಎದುರುಬದುರು ಕೂತು ತೀರ್ಮಾನಿಸಬೇಕು. ಎರಡನೆಯ ಅವಧಿ ಅದಕ್ಕೆ ಮೀಸಲಿರಲಿ.