ಬಯಲುಸೀಮೆಗೆ ಕಡಲಪಾಚಿ ಕ್ರೀಮು: ಲೈನ್‌ಗೆ ಹೊಸಬರಾದವರಿಗೆ

ಕಡಲಪಾಚಿಯ ಕ್ರೀಮು ಹಿಡಿದು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಅಂಗಡಿಗಳಿಗೆ ಹೊರಟವರಿಗೆ ನಾನು ಎಡವಿದ ಜಾಗಗಳನ್ನು ಮೊದಲೇ ಹೇಳಿಬಿಡುತ್ತೇನೆ.

1. ಮೊದಲು ಕೇಳಿ, ಆಮೇಲೆ ಹಚ್ಚಿ

ಮಧುಗಿರಿಯ ಪಾರ್ಲರೊಂದರಲ್ಲಿ ಸ್ಯಾಂಪಲ್ ತೋರಿಸುವ ಆತುರದಲ್ಲಿ ಒಬ್ಬ ಹುಡುಗಿಯ ಕೆನ್ನೆಗೇ ಹಚ್ಚಿಸಿದೆ. "ಉರೀತದೆ ಸಾರ್" ಅಂತ ಮುಖ ತೊಳೆಯಲು ಓಡಿದಳು. ವಿಚಾರಿಸಿದರೆ, ಬೆಳ್ಳಗಾಗಲಿ ಅಂತ ತಿಂಗಳುಗಟ್ಟಲೆ ಸ್ಟೀರಾಯ್ಡ್ ಮುಲಾಮು ಹಚ್ಚಿಕೊಂಡಿದ್ದಳು. ಚರ್ಮ ತೆಳುವಾಗಿ ಸಣ್ಣ ಕೆಂಪು ರಕ್ತನಾಳಗಳು ಎದ್ದು ಕಾಣುತ್ತಿದ್ದವು. ಇಂಥ ಹಲವು ಮುಲಾಮುಗಳು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ 2018ರಲ್ಲೇ ಸೇರಿದವು. ಆದರೂ ಕೈಯಿಂದ ಕೈಗೆ ಓಡಾಡುತ್ತವೆ. ಅವಳಿಗೆ ಬೇಕಾಗಿದ್ದದ್ದು ನನ್ನ ಡಬ್ಬಿಯಲ್ಲ, ಚರ್ಮದ ಡಾಕ್ಟರು. ಆ ಮುಲಾಮನ್ನು ಒಮ್ಮೆಲೇ ನಿಲ್ಲಿಸಿದರೂ ಮುಖ ಉರಿದು ಕೆಂಪಾಗುತ್ತದೆ, ಹಾಗಾಗಿ "ಅದು ಬಿಟ್ಟು ನಮ್ಮದು ಹಚ್ಚಿ" ಅನ್ನುವುದೂ ತಪ್ಪು. ಈಗ "ಇದಕ್ಕೆ ಮುಂಚೆ ಏನ್ ಹಚ್ತಿದ್ರಮ್ಮಾ?" ಅಂತ ಕೇಳದೆ ಮುಚ್ಚಳ ತೆಗೆಯುವುದಿಲ್ಲ. ಕೇಳಿದ ಮೇಲೂ ಮೊಣಕೈಯ ಒಳಬದಿಗೆ ಚೂರು ಹಚ್ಚಿ ಒಂದು ದಿನ ಕಾಯಲು ಹೇಳುತ್ತೇನೆ. ಬಣ್ಣದ ಮಾತು ಬಂದರೆ, ಬೆಳ್ಳಗೆ ಮಾಡಲ್ಲ, ಒಣಚರ್ಮ ಮೆದುವಾಗುತ್ತೆ ಅಂತಲೇ ಹೇಳಿ. ಆರ್ಡರ್ ಹೋದರೆ ಹೋಗಲಿ.

2. ಅಲೆ, ಮುತ್ತು, ಖನಿಜದ ಮಾತು ಬಿಡಿ

ಟ್ರೈನಿಂಗ್‌ನಲ್ಲಿ ಕಲಿತದ್ದನ್ನೆಲ್ಲ ಕೊರಟಗೆರೆಯಲ್ಲಿ ಒಪ್ಪಿಸಿದೆ. ಅಂಗಡಿಯಮ್ಮ, "ನಮ್ಮ ಬೋರ್ ನೀರಿಗೇ ಸೋಪು ನೊರೆ ಬರಲ್ಲ, ಇನ್ನು ಸಮುದ್ರದ ಉಪ್ಪು ಬೇರೆ ಮೆತ್ಕೋಬೇಕಾ ಸಾರ್?" ಅಂದರು. ಉತ್ತರ ಹೊಳೆಯಲಿಲ್ಲ. ಈಗ ಚೀನಾ ಗ್ರಾಸ್‌ನಿಂದ ಶುರುಮಾಡುತ್ತೇನೆ. ಪುಡ್ಡಿಂಗ್‌ಗೆ ಹಾಕುವ ಅದೂ ಕಡಲಪಾಚಿಯಿಂದ ತೆಗೆದದ್ದೇ. ಪಾಚಿಯ ಅಂಟು ನೀರನ್ನು ಹಿಡಿದಿಡುತ್ತದೆ, ಅದಕ್ಕೇ ಸ್ನಾನವಾದ ಕೂಡಲೇ ಮೈ ತೇವವಿರುವಾಗ ಹಚ್ಚಬೇಕು. ತಮಿಳುನಾಡಿನ ರಾಮನಾಥಪುರದ ಕರಾವಳಿಯಲ್ಲಿ ಹೆಂಗಸರೇ ಸಮುದ್ರಕ್ಕೆ ಮುಳುಗಿ ಪಾಚಿ ಕೀಳುತ್ತಾರೆ ಅಂದರೆ, ಕೆಲಸ ಬಿಟ್ಟು ಕೇಳುತ್ತಾರೆ.

3. ಮುಂದಿನ ಗಾಜಿಗೆ ಆಸೆಪಡಬೇಡಿ

ಪಾವಗಡದ ಫ್ಯಾನ್ಸಿ ಸ್ಟೋರಿನಲ್ಲಿ ಗೋಗರೆದು ಎದುರಿನ ಗಾಜಿನ ಶೆಲ್ಫ್ ಗಿಟ್ಟಿಸಿದೆ. ಪಡುವಣ ಬಿಸಿಲು ನೇರ ಬೀಳುವ ಜಾಗ. ಬೇಸಿಗೆ ಕಳೆದು ತೆರೆದರೆ ಕ್ರೀಮು ನೀರಾಗಿತ್ತು, ವಾಸನೆ ಕೆಟ್ಟಿತ್ತು, ಲೇಬಲ್ ಬೆಳ್ಳಗಾಗಿತ್ತು. ಮಾಲು ವಾಪಸ್ ತೆಗೆದುಕೊಂಡು ದುಡ್ಡು ಕೊಟ್ಟೆ. ಆ ಅಂಗಡಿಯ ಅಣ್ಣ ಇವತ್ತಿಗೂ ಆರ್ಡರ್ ಕೊಡುತ್ತಾರೆ, ಡಬ್ಬಿಗಳು ಒಳಗಿನ ನೆರಳಿನಲ್ಲಿರುತ್ತವೆ.

4. ರಸ್ತೆ ನೋಡಿ, ಬೆಳೆ ನೋಡಿ

ಕೊರಟಗೆರೆ, ಮಧುಗಿರಿ, ಪಾವಗಡ ಒಂದೇ ರಸ್ತೆಯಲ್ಲಿವೆ; ಶಿರಾ ಇರುವುದು ಹೆದ್ದಾರಿ 48ರಲ್ಲಿ. ಅದಕ್ಕೆ ಬೇರೆ ದಿನ ಇಡಿ. ಪಾವಗಡದಲ್ಲಿ ನಾಲ್ಕು ಮಾತು ತೆಲುಗು ಬಂದರೆ ಅಂಗಡಿಯವರು ಕೂರಲು ಸ್ಟೂಲ್ ಎಳೆಯುತ್ತಾರೆ. ರೈತರು ಕಡಲೆಕಾಯಿ ಕಿತ್ತು ಮಾರಿ ಅವರ ಕೈಗೆ ಕಾಸು ಬರುವ ತನಕ ಆರ್ಡರಿನಲ್ಲಿ ದೊಡ್ಡ ಡಬ್ಬಿ ಬರೆಯಬೇಡಿ, ಸಣ್ಣ ಟ್ಯೂಬ್ ಸಾಕು.